ಚೌಕಟ್ಟಿನ ಹೊರಗಿನ ಗೇಟು

ಫಿಲ್ಟರಿನಲ್ಲಿ ಡಿಕಾಕ್ಷನ್ ತಾನಾಗಿ ಇಳಿಯುವವರೆಗೆ ಕಾಯಲಾರದೆ ಅದರ ತಲೆಗೆ ಚಮಚದಿಂದ ಕುಟ್ಟುವವನು ನಾನು. ಇಂಥವನ ಕೈಗೇ ಕಂಪ್ಯೂಟರಿನ ಆಮೆನಡಿಗೆಯನ್ನು ತಿದ್ದುವ ಕೆಲಸ ಸಿಕ್ಕಿದ್ದು ಯಾರ ಗ್ರಹಚಾರವೋ, ನೀವೇ ಹೇಳಿ. ಆಗ ಎರಡು ಸಾವಿರದ ಇಸವಿ ದಾಟಿದ ಹೊಸತು. ವಿದ್ಯಾರಣ್ಯಪುರಂನ ಒಂದು ನರ್ಸಿಂಗ್ ಹೋಮಿನವರು, ಫೋನ್ ಬಂದೊಡನೆ ಆಂಬುಲೆನ್ಸಿಗೆ ಹತ್ತಿರದ ದಾರಿ ತೋರಿಸುವ ನಕ್ಷೆಯೊಂದನ್ನು ನನ್ನಿಂದ ಮಾಡಿಸುತ್ತಿದ್ದರು. ದಾರಿಯನ್ನೇನೋ ಅದು ಸರಿಯಾಗಿಯೇ ತೋರಿಸುತ್ತಿತ್ತು. ಆದರೆ ಪಕ್ಕದ ಶ್ರೀರಾಂಪುರದ ಮನೆಯೊಂದನ್ನು ಕೇಳಿದರೂ ಆಚೆ ತುದಿಯ ಹಿನಕಲ್ಲಿನ ಓಣಿಗಳವರೆಗೆ ಊರಿನ ರಸ್ತೆಗಳನ್ನೆಲ್ಲ ಒಂದೊಂದಾಗಿ ತಡಕಾಡಿ ಬರಲು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತಿತ್ತು. ಎದೆನೋವಿನವರ ಮನೆಯಲ್ಲಿ ಒಂದು ನಿಮಿಷವೆಂದರೆ ಎಷ್ಟೆಂದು ಡಾಕ್ಟರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದಕ್ಕೊಂದು ಉಪಾಯ ಹೂಡಿದೆ. ರೋಗಿಯ ಮನೆ ಒಂದು ಮೂಲೆ, ನರ್ಸಿಂಗ್ ಹೋಮು ಎದುರು ಮೂಲೆ, ನಡುವೆ ಒಂದು ಚೌಕಟ್ಟು. ಅದರೊಳಗಿನ ರಸ್ತೆಗಳನ್ನು ಮಾತ್ರ ಹುಡುಕು, ಮಿಕ್ಕ ಊರಿನ ಉಸಾಬರಿ ನಿನಗೆ ಬೇಡ ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಡಾಕ್ಟರಿಗೆ ತೋರಿಸುವ ಮುನ್ನಾದಿನ, ಆಂಬುಲೆನ್ಸ್ ಓಡಿಸುವ ಮಾದಯ್ಯನವರು ಬಂದು ಶ್ರೀರಾಂಪುರದ ಕಡೆ ರೈಲುಹಳಿಯ ಪಕ್ಕದ ಮನೆಯೊಂದನ್ನು ಕೇಳಿದರು. ಪರದೆ ಥಟ್ಟನೆ ಹೇಳಿತು: ದಾರಿ ಇಲ್ಲ.

“ದಾರಿ ಇಲ್ವಾ? ಮೊನ್ನೆ ತಾನೆ ಅಲ್ಲಿಂದ ತುಂಬು ಬಸುರೀನ ಕರ್ಕಂಡ್ಬಂದ್ನಲ್ಲ ಸಾರ್. ಒಸಿ ಹಿಂದಕ್ಕೋಗಿ ರೈಲ್ವೆ ಗೇಟ್ ದಾಟ್ಬೇಕು, ಅಷ್ಟೆಯ.”

ಆ ಗೇಟು ನನ್ನ ಚೌಕಟ್ಟಿನ ಹೊರಗಿತ್ತು. ಗುರಿಗೆ ಬೆನ್ನು ಮಾಡಿ ನಡೆದೇ ಗುರಿ ಮುಟ್ಟಬೇಕಾದ ಮನೆಗಳು ಈ ಊರಿನಲ್ಲಿ ಇನ್ನೆಷ್ಟಿವೆಯೋ! ಬೇಗ ಮುಟ್ಟುವ ಆತುರದಲ್ಲಿ ಬದುಕಿನಲ್ಲಿಯೂ ಯಾರ್ಯಾರನ್ನು ಹೀಗೆ ಗೆರೆಯಾಚೆ ಬಿಟ್ಟುಬಂದಿದ್ದೇನೋ. ಚೌಕಟ್ಟನ್ನು ನಾಲ್ಕೂ ಕಡೆ ಅಗಲಿಸಿದೆ. ದಾರಿ ಸಿಕ್ಕಿತು, ಆದರೆ ಏಳು ಸೆಕೆಂಡು ಹಿಡಿಯಿತು. ಡಾಕ್ಟರಿಗೆ ನಾನು ಮಾತು ಕೊಟ್ಟಿದ್ದು ಎರಡೇ ಸೆಕೆಂಡು. ಮೊದಲಿನ ಚಿಕ್ಕ ಚೌಕಟ್ಟನ್ನೇ ಇಟ್ಟು, ಸುಲಭದ ಮನೆಗಳನ್ನಷ್ಟೇ ತೋರಿಸಿ ಪಾರಾಗುವ ಆಸೆಯೂ ಬಂತು, ಸುಳ್ಳೇಕೆ ಹೇಳಲಿ.

ಮರುದಿನ ಏಳು ಸೆಕೆಂಡಿನದನ್ನೇ ತೋರಿಸಿ, ಕಾರಣವನ್ನೂ ಹೇಳಿದೆ. ಡಾಕ್ಟರು ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದರು. ನಾನು ಕುರ್ಚಿಯ ತುದಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದೆ. ಬಾಗಿಲ ಬಳಿ ನಿಂತಿದ್ದ ಮಾದಯ್ಯನವರೇ ಮಾತಾಡಿದರು.

“ಇರ್ಲಿ ಬುಡಿ ಸಾರ್. ಚಪ್ಲಿ ಮೆಟ್ಕಂಡು ಗಾಡಿ ತಾವ ಓಗೋಕೇ ನಂಗೆ ಅದಕ್ಕಿಂತ ಜಾಸ್ತಿ ಟೈಮ್ ಬೇಕು.”

ಡಾಕ್ಟರು ನಕ್ಕು ಒಪ್ಪಿದರು. ತಿಂಗಳುಗಟ್ಟಲೆ ಸೆಕೆಂಡುಗಳ ಬೆನ್ನು ಹತ್ತಿದ್ದ ನಾನು, ಆ ಮನುಷ್ಯ ಗಾಡಿಯವರೆಗೆ ನಡೆದುಹೋಗುವುದನ್ನು ಒಮ್ಮೆಯೂ ನೋಡಿರಲಿಲ್ಲ.