ಅತ್ತಿಗೆಯ ಕಡೆ

ಅತ್ತಿಗೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ಆ ಉಗುರಿನಿಂದಲೇ ಅವರು ಇಂಟರ್ನೆಟ್ ವೈರಿನ ತುದಿಯ ಸಣ್ಣ ನಾಲಿಗೆಯನ್ನು ಒತ್ತಿ, ಕಂಪ್ಯೂಟರಿನ ಬೆನ್ನಿನಿಂದ ಹೊರಗೆಳೆದು, ಸೆರಗಿನಲ್ಲಿ ಒರೆಸಿ ಮತ್ತೆ ಸಿಕ್ಕಿಸುತ್ತಿದ್ದರು. ಟಿಕ್ ಅನ್ನುವವರೆಗೆ ಅವರಿಗೆ ನಂಬಿಕೆಯಿಲ್ಲ. ಆಮೇಲೆ ಬಗ್ಗಿ, ವೈರಿನ ಪಕ್ಕದ ಪುಟ್ಟ ಹಸಿರು ದೀಪ ಹತ್ತಿತೋ ಎಂದು ನೋಡುವರು.

ಅವರು ನಮ್ಮ ಯಜಮಾನರ ಅಕ್ಕ. ಎಸ್ಟೇಟ್ ಆಫೀಸಿನಲ್ಲಿ ರೈಟರ್ ಆಗಿ ಲೆಕ್ಕ ಬರೆದವರು. ಗಂಡ ತೀರಿಕೊಂಡ ಮೇಲೆ ಬಣಕಲ್ ಹತ್ತಿರದ ನಮ್ಮ ಮನೆಗೇ ಬಂದರು. ಜೊತೆಗೆ ತಂದದ್ದು ಬಟ್ಟೆಯ ಟ್ರಂಕು, ಹೊರನಾಡು ಅಮ್ಮನವರ ಪಟ ಮತ್ತು ಈ ಕಂಪ್ಯೂಟರ್. ನಮ್ಮ ಮನೆ ತಗ್ಗಿನಲ್ಲಿದೆ. ಮೊಬೈಲ್ ಸಿಗ್ನಲ್ ಬೇಕಾದರೆ ಗೇಟಿನವರೆಗೆ ಏರು ಹತ್ತಬೇಕು. ವೈಫೈ ಸಿಡಿಲಿಗೆ ಸುಟ್ಟುಹೋದ ಮೇಲೆ ನಮಗೆ ಈ ವೈರೇ ಗತಿ.

ಕಂಪ್ಯೂಟರ್ ಒಂದೇ, ಒಳಗೆ ಎರಡು ಸಂಸಾರ; ಹಚ್ಚುವಾಗ ಒಂದನ್ನು ಆರಿಸಿಕೊಳ್ಳಬೇಕು. ವಿಂಡೋಸ್ ಯಜಮಾನರದ್ದು, ತೋಟದ ಲೆಕ್ಕಕ್ಕೆ. ಅದರ ಪಾಸ್‌ವರ್ಡ್ ಅವರಿಗೊಬ್ಬರಿಗೇ ಗೊತ್ತು. ಲಿನಕ್ಸ್ ಅತ್ತಿಗೆಯದ್ದು, ಪೂರ್ತಿ ಕನ್ನಡದಲ್ಲಿ. ನನಗೆ ಟೈಪಿಂಗ್ ಕಲಿಸಿದ್ದು ಆ ಕಡೆಯಲ್ಲೇ. “ಒಲೆ ಹಚ್ಚೋಕೆ ಬರುತ್ತಲ್ಲ, ಇದೂ ಬರುತ್ತೆ ಮಾರಾಯ್ತಿ. ಇದು ಕೈ ಸುಡೋದೂ ಇಲ್ಲ” ಅನ್ನುತ್ತಿದ್ದರು.

ಯಜಮಾನರು ಲೆಕ್ಕ ಮುಗಿಸಿ ಶಟ್‌ಡೌನ್ ಕೊಟ್ಟು ಎದ್ದರೆಂದರೆ, ಆಮೇಲೆ ಅತ್ತಿಗೆಯ ಕಡೆ ತೆರೆದಾಗ ಇಂಟರ್ನೆಟ್ ಇರುತ್ತಿರಲಿಲ್ಲ. ವೈರು ಸರಿಯಿದ್ದರೂ ದೀಪವಿಲ್ಲ. ಆಗ ಅಕ್ಕ ತಮ್ಮನಿಗೆ ಜಗಳ ಶುರು.

“ಮತ್ತೆ ಹಾಗೇ ಮುಚ್ಚಿದ್ಯೇನೋ? ರೀಸ್ಟಾರ್ಟ್ ಕೊಟ್ಟು ಏಳು ಅಂತ ಎಷ್ಟು ಸಲ ಹೇಳ್ಲಿ?”

“ಮುಚ್ಚೋದು ಅಂದ್ರೆ ಮುಚ್ಚೋದೇ ಅಲ್ವೇನಕ್ಕಾ?”

“ನಿನ್ನ ವಿಂಡೋಸು ನಿನ್ನ ಹಾಗೇ ಕಣೋ. ಮಲಗಿದೀನಿ ಅನ್ನುತ್ತೆ, ಮಲಗಿರಲ್ಲ. ಅರ್ಧ ಎಚ್ಚರದಲ್ಲಿ ಆ ಲೈನನ್ನ ಹಿಡ್ಕೊಂಡೇ ಇರುತ್ತೆ. ಅದು ಬಿಡದೆ ನಂಗೆಲ್ಲಿ ಸಿಗ್ಬೇಕು?”

ಹಾಗಾದಾಗ ಅತ್ತಿಗೆ ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ಗನ್ನೇ ಕಿತ್ತು, ಒಳಗುಳಿದ ಕರೆಂಟು ಇಳಿಯಲೆಂದು ಬಟನ್ ಒತ್ತಿ ಹಿಡಿದು, ಸುಮ್ಮನೆ ಕೂರುವರು. ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರ ನೋಡುತ್ತಿರಲಿಲ್ಲ. ಪ್ಲಗ್ಗನ್ನು ಮಡಿಲಲ್ಲಿಟ್ಟುಕೊಂಡು ಅಮ್ಮನವರ ಸ್ತುತಿಯನ್ನು ಒಂದು ಸಲ ಪೂರ್ತಿ ಹೇಳುವರು. ನಡುವೆ ಸಾಲು ತಪ್ಪಿದರೆ ಮೊದಲಿನಿಂದ. ನಾನು ನಕ್ಕರೆ, “ನಗು ನಗು. ಅವಸರ ಮಾಡಿದ್ರೆ ಅಮ್ಮನೂ ಒಲಿಯಲ್ಲ, ದೀಪವೂ ಬರಲ್ಲ” ಅನ್ನುವರು.

ಈ ವರ್ಷ ಕಾಫಿ ಗಿಡ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ಅತ್ತಿಗೆ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಜೊತೆಗೆ ಯಜಮಾನರು. ಒಂದು ಮಧ್ಯಾಹ್ನ ನಾನು ಗೇಟಿಗೆ ಹತ್ತಿ ಫೋನ್ ಮಾಡಿದಾಗ ಯಜಮಾನರ ದನಿ ಬೇರೆಯಾಗಿತ್ತು.

“ಅಕ್ಕಂಗೆ ಸಂಜೆ ಗಂಟಲಿಗೆ ಪೈಪ್ ಹಾಕ್ತಾರಂತೆ ಕಣೇ. ಆಮೇಲೆ ಮಾತಾಡೋಕಾಗಲ್ಲ. ಹೂವಾಯ್ತಾ ಹೂವಾಯ್ತಾ ಅಂತ ಕೇಳ್ತಿದಾಳೆ. ಕಂಪ್ಯೂಟರಲ್ಲಿ ತೋರಿಸ್ತೀಯಾ?”

ಆಗಿತ್ತು. ಇಡೀ ತೋಟ ಬೆಳ್ಳಗಾಗಿ, ಮನೆಯೊಳಗೆಲ್ಲ ಕಾಫಿ ಹೂವಿನ ವಾಸನೆ. ಹೂ ತುಂಬಿದ ಒಂದು ಕೊಂಬೆ ಮುರಿದುಕೊಂಡು ಒಳಗೆ ಓಡಿ ಅತ್ತಿಗೆಯ ಕಡೆ ತೆರೆದೆ. ಇಂಟರ್ನೆಟ್ ಇಲ್ಲ. ವೈರು ಕಿತ್ತು ಸಿಕ್ಕಿಸಿದೆ. ಟಿಕ್ ಅಂದಿತು, ದೀಪ ಬರಲಿಲ್ಲ. ಆಗ ನೆನಪಾಯಿತು: ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಯಜಮಾನರು ಕೂಲಿಯ ಲೆಕ್ಕ ನೋಡಿ ಶಟ್‌ಡೌನ್ ಕೊಟ್ಟಿದ್ದರು. ಅಲ್ಲಿಂದೀಚೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಆರಿಸಿ ಪ್ಲಗ್ ಕಿತ್ತೆ. ಬಟನ್ ಒತ್ತಿ ಹಿಡಿದೆ. ನೆಲದ ಮೇಲೆ ಕೂತು ಸ್ತುತಿ ಶುರುಮಾಡಿದೆ. ನಡುವೆ ಸಾಲು ತಪ್ಪಿತು. ಬಿಸಿಲು ಕಿಟಕಿಯಿಂದ ಇಳಿಯುತ್ತಿತ್ತು. ಪ್ಲಗ್ ಹಾಕಿಬಿಡೋಣವೆಂದು ಕೈ ಹೋಯಿತು. ಇಲ್ಲ, ಮೊದಲಿನಿಂದಲೇ ಹೇಳಿದೆ, ಕೊನೆಯ ಸಾಲಿನವರೆಗೆ.

ದೀಪ ಬಂತು.

ಯಜಮಾನರ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ಪರದೆಯಲ್ಲಿ ಕಂಡ ಅತ್ತಿಗೆಯ ಮುಖ ಗುರುತು ಸಿಗದಷ್ಟು ಸೊರಗಿತ್ತು. ಅವರು ಮೊದಲು ಕೇಳಿದ್ದು, “ದೀಪ ತಾನಾಗೇ ಬಂತೇನೇ?”

“ಇಲ್ಲ ಅತ್ತಿಗೆ. ಸ್ತುತಿ ಹೇಳಿದ್ಮೇಲೆ ಬಂತು.”

ಅವರ ತುಟಿ ನಕ್ಕಿತು. ನಾನು ಕೊಂಬೆಯನ್ನು ಕ್ಯಾಮೆರಾ ಎದುರು ಹಿಡಿದೆ.

“ಅಯ್ಯೋ, ಯಾಕೆ ಮುರಿದ್ಯೇ? ಕಾಯಾಗೋ ಹೂವಲ್ವೇನೇ!”

“ನಿಮಗೆ ತೋರಿಸೋಕೆ.”

ಅವರು ಕೊಂಬೆಯನ್ನು ತುದಿಯಿಂದ ಬುಡದವರೆಗೆ ನೋಡಿದರು. ಆಮೇಲೆ, “ಬಿಸಾಡ್ಬೇಡ. ಅಮ್ಮನ ಪಟಕ್ಕಿಡು” ಅಂದರು. ಅದೇ ನಾನು ಕೇಳಿದ ಕೊನೆಯ ಮಾತು. ತೋಟದ ಹೂ ಕಂದುವ ಮೊದಲೇ ಅತ್ತಿಗೆ ಹೋದರು.

ಮಾತು ನಿಲ್ಲುವ ಮೊದಲು ಲೈನು ಸಿಕ್ಕಿತು, ಹೂ ಕಂಡರು, ಬೈದರು ಕೂಡ. ಇಷ್ಟು ಕೊಟ್ಟಳಲ್ಲ ಎಂದು ದಿನವೂ ಅಮ್ಮನಿಗೆ ಕೈಮುಗಿಯುತ್ತೇನೆ. ಕೈಮುಗಿದು ಏಳುವಷ್ಟರಲ್ಲಿ ಅಳು ಬಂದಿರುತ್ತದೆ.

ಇದನ್ನು ಟೈಪ್ ಮಾಡುತ್ತಿರುವುದು ಅವರ ಕಡೆಯಲ್ಲೇ, ಅವರು ಕಲಿಸಿದ ಬೆರಳಿನಿಂದಲೇ. ಕಂಪ್ಯೂಟರ್ ಹಚ್ಚಿದಾಗ ಯಾವ ಕಡೆ ಎಂದು ಕೇಳುತ್ತದೆ. ಏನೂ ಒತ್ತದಿದ್ದರೆ ಸ್ವಲ್ಪ ಕಾದು, ತಾನಾಗಿ ಅತ್ತಿಗೆಯ ಕಡೆಗೆ ಹೋಗುತ್ತದೆ. ಹಾಗೆ ಮಾಡಿಟ್ಟವರು ಅವರೇ. ಯಜಮಾನರು ಈಗ ಲೆಕ್ಕ ಮುಗಿಸಿ ಶಟ್‌ಡೌನ್ ಕೊಡುವುದಿಲ್ಲ. ರೀಸ್ಟಾರ್ಟ್ ಕೊಟ್ಟು, ಕೈಕಟ್ಟಿ ಕೂತು, ಅಕ್ಕನ ಕಡೆ ತೆರೆದುಕೊಂಡ ಮೇಲೆ ಬಗ್ಗಿ ದೀಪ ನೋಡುತ್ತಾರೆ. ಆಮೇಲೇ ಏಳುತ್ತಾರೆ.