ಭಾವನಿಗೆ ಸಿಕ್ಕ ಎರಡು ಗಂಟೆ

ಕಂಪನಿಯ ಅಧಿಕಾರಿ ಭಾಷಣಕ್ಕೆ ನಿಂತು ಹತ್ತು ನಿಮಿಷವಾಗಿತ್ತು. ಎದುರಿಗೆ ಕೂತಿದ್ದ ಹನ್ನೊಂದು ಜನರಲ್ಲಿ ಏಳು ಜನ ನಿದ್ದೆ ಹೋಗಿದ್ದರು.

ತೂಕಡಿಕೆಯಲ್ಲ, ನಿದ್ದೆ. ಬಾಯಿ ತೆರೆದುಕೊಂಡು, ಕತ್ತು ವಾಲಿಸಿಕೊಂಡು, ಪಕ್ಕದವರ ಹೆಗಲಿಗೆ ಒರಗಿಕೊಂಡು. ಗೊರಕೆ ಹೊಡೆಯುತ್ತಿದ್ದವರು ಮಾತ್ರ ಒಬ್ಬರೇ. ನಮ್ಮ ಭಾವ. ಮೊಣಕೈಯಲ್ಲಿ ತಿವಿದೆ. ಏಳಲಿಲ್ಲ. (ನಾಲ್ಕು ಜನರ ಮುಂದೆ ಬೆನ್ನು ಬಾಗಿಸಿ ಕೂರದ ಮನುಷ್ಯ ಅವರು.)

ಪರದೆಯ ಮೇಲೆ ‘ಆರೈಕೆದಾರರ ಒತ್ತಡ ನಿರ್ವಹಣೆ’ ಎಂಬ ಸ್ಲೈಡ್ ಇತ್ತು. ಅಧಿಕಾರಿ ಒಮ್ಮೆ ಸುತ್ತ ನೋಡಿದರು. ಈಗೇನು ಮಾಡುತ್ತಾರೆ? ನನಗೆ ಕುತೂಹಲ. ಅವರು ಪ್ರೊಜೆಕ್ಟರ್ ಆರಿಸಿದರು. ಲೈಟನ್ನೂ ಆರಿಸಿದರು. ಫ್ಯಾನ್ ಜೋರು ಮಾಡಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು.

ಇದು ನಡೆದದ್ದು ಕೊರಟಗೆರೆಯ ಒಂದು ಸಮುದಾಯ ಭವನದಲ್ಲಿ. ಭಾವ ಅಲ್ಲಿಗೆ ಬಂದಿದ್ದು ನನ್ನ ಒತ್ತಾಯಕ್ಕೆ. ನಾನು ಬಂದಿದ್ದು, ನಿಜ ಹೇಳಬೇಕೆಂದರೆ, ಈ ಅಂಕಣಕ್ಕೆ ಏನಾದರೂ ಸಿಗುತ್ತದೆ ಎಂಬ ಆಸೆಗೆ.

ನಮ್ಮ ಶಾರದಕ್ಕ ತೋವಿನಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್ ಆಗಿದ್ದವಳು. ಊರಿನ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಉಪ್ಪಿಟ್ಟು ತಿಂದು ಬೆಳೆದವರೇ. ಎರಡು ವರ್ಷದಿಂದ ಅವಳಿಗೆ ಡಿಮೆನ್ಷಿಯಾ, ಮರೆವಿನ ಕಾಯಿಲೆ. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ನಾವೆಲ್ಲ ನಕ್ಕೆವು. ಒಂದು ದಿನ ತನ್ನ ಮನೆಯ ಜಗಲಿಯಲ್ಲೇ ನಿಂತು, ಇದು ಯಾರ ಮನೆ ಎಂದು ಕೇಳಿದಳು. ಆಮೇಲೆ ಯಾರೂ ನಗಲಿಲ್ಲ.

ಅವರಿಗೆ ಮಕ್ಕಳಿಲ್ಲ. ನೋಡಿಕೊಳ್ಳುವವರು ಭಾವ ರಂಗಪ್ಪನವರೊಬ್ಬರೇ. ಕುರಿ ಕಾಯುವ ಮನೆತನ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೊರಟರೆ ಸಂಜೆಯವರೆಗೂ ಅವರಿಗೆ ಮನೆಯ ನೆನಪಿರುತ್ತಿರಲಿಲ್ಲ. ಅಕ್ಕನನ್ನು ಬಿಟ್ಟು ಹೋಗಲಾಗದೆ ಕುರಿಗಳನ್ನೆಲ್ಲ ಮಾರಿದರು. ಸೀರೆ ಉಡಿಸುವುದು ಕಲಿತರು. ಜಡೆ ಹೆಣೆಯುವುದು ಕಲಿತರು. ಈಗ ಅವರು ಹಿಡಿಯುವ ನೆರಿಗೆ ನನ್ನ ನೆರಿಗೆಗಿಂತ ನೀಟು. ರಾತ್ರಿ ನಾಲ್ಕು ಸಲ ಅಕ್ಕ ಎದ್ದು ಬಾಗಿಲು ತೆಗೆಯುತ್ತಾಳೆ. ನಾಲ್ಕು ಸಲವೂ ಅವರು ಏಳುತ್ತಾರೆ.

ನಾನು? ಮಧುಗಿರಿಯಲ್ಲಿದ್ದೇನೆ. ಎರಡು ತಿಂಗಳಿಗೊಮ್ಮೆ ಹಣ್ಣು, ಬ್ರೆಡ್ಡು ಹಿಡಿದು ಹೋಗುತ್ತಿದ್ದೆ. ಅಕ್ಕನ ಪಕ್ಕ ಕೂತು, ಕಣ್ಣೊರೆಸಿಕೊಂಡು, ಸಂಜೆಯ ಬಸ್ಸಿಗೆ ವಾಪಸ್.

ಹೀಗಿರುವಾಗ ಕೈಗಾರಿಕಾ ಪ್ರದೇಶದ ಕಂಪನಿಯೊಂದು ಪ್ರತಿ ಗುರುವಾರ ಇಂಥವರಿಗಾಗಿ ಏನೋ ಮಾಡುತ್ತಿದೆ ಎಂದು ಗೊತ್ತಾಯಿತು. ವ್ಯಾನ್ ಕಳಿಸುತ್ತಾರೆ. ಮಧುಗಿರಿ, ಶಿರಾ ಕಡೆಯಿಂದಲೂ ಜನ ಬರುತ್ತಾರೆ. ಕಾಯಿಲೆಯವರು ಒಂದು ಕೋಣೆಯಲ್ಲಿ. ಅವರ ಜೊತೆ ತರಬೇತಿಯಾದ ಇಬ್ಬರು ನರ್ಸ್, ಕಂಪನಿಯ ನಾಲ್ಕು ಜನ ಕೆಲಸಗಾರರು. ಹಾಡು, ಹರಟೆ, ಮೊರದ ತುಂಬ ಕಡಲೆಕಾಯಿ ಸುಲಿಯುವುದು. ನೋಡಿಕೊಳ್ಳುವವರು ಇನ್ನೊಂದು ಕೋಣೆಯಲ್ಲಿ. ಒಟ್ಟು ಎರಡು ಗಂಟೆ.

ಕಂಪನಿಗಳು ಶಾಲೆಗೆ ಬೆಂಚು ಕೊಡುವುದು ನೋಡಿದ್ದೇವೆ. ಕುಡಿಯುವ ನೀರಿನ ಘಟಕ ಹಾಕಿ ಅದರ ಮೇಲೆ ತಮ್ಮ ಹೆಸರು ಬರೆಸುವುದನ್ನೂ ನೋಡಿದ್ದೇವೆ. ಲಾಭದಲ್ಲಿ ಒಂದು ಪಾಲು ಊರಿಗೆ ಖರ್ಚು ಮಾಡಲೇಬೇಕು ಎಂಬ ಕಾನೂನಿದೆ, ಮಾಡುತ್ತಾರೆ. ಆದರೆ ಮರೆವಿನ ಕಾಯಿಲೆ ಇವರ ಕಣ್ಣಿಗೆ ಹೇಗೆ ಬಿತ್ತು?

ಭಾವ ಗೊರಕೆ ಹೊಡೆಯುತ್ತಿದ್ದಾಗ ನಾನು ಹೊರಗೆ ಬಂದು ಆ ಅಧಿಕಾರಿಯನ್ನೇ ಕೇಳಿದೆ. ಅವರ ಕಾರ್ಖಾನೆಯ ಕೆಲಸಗಾರನೊಬ್ಬ ಪದೇ ಪದೇ ರಜೆ ಹಾಕುತ್ತಿದ್ದನಂತೆ. ವಿಚಾರಿಸಿದರೆ ಮನೆಯಲ್ಲಿ ಇಂಥ ತಾಯಿ. ವೀಲ್‌ಚೇರ್ ಕೊಡಿಸೋಣ, ಮಂಚ ಕೊಡಿಸೋಣ ಎಂದು ಇವರು ಹೊರಟರಂತೆ. ಅವನು, ಸಾಮಾನು ಏನೂ ಬೇಡ ಸಾರ್, ನನ್ನ ಹೆಂಡತಿಗೆ ಎರಡು ಗಂಟೆ ಬಿಡುವು ಕೊಡಿ ಸಾಕು ಎಂದನಂತೆ.

“ಹೆಡ್ ಆಫೀಸಿನವರು ಫೋಟೊ ಕೇಳ್ತಾರೆ ಮೇಡಂ” ಎಂದರು ಅಧಿಕಾರಿ. “ಬಿಡುವನ್ನ ಹೇಗೆ ಫೋಟೊ ತೆಗೀಲಿ?”

ನಾನು ಆ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಉತ್ತರ ನಿಮ್ಮ ಬಳಿ ಇದೆಯಾ?

ಮೂರನೆಯ ಗುರುವಾರವೂ ನಾನು ಹೋದೆ. ಅಷ್ಟು ಹೊತ್ತಿಗೆ ಅಲ್ಲಿ ಭಾಷಣ ನಿಂತಿತ್ತು. ಮಲಗುವವರು ಮಲಗುತ್ತಿದ್ದರು, ಉಳಿದವರು ಸುಮಾ ಎಂಬ ನರ್ಸ್ ಜೊತೆ ಸುತ್ತ ಕೂತು ಮಾತಾಡುತ್ತಿದ್ದರು. ಭಾವ ಅವತ್ತು ಮಲಗಲಿಲ್ಲ. ಹನ್ನೊಂದು ಜನರಲ್ಲಿ ಅವರೊಬ್ಬರೇ ಗಂಡಸು. ಟವೆಲ್ಲನ್ನು ತೊಡೆಯ ಮೇಲೆ ಮಡಿಸುತ್ತ, ಬಿಚ್ಚುತ್ತ ಕೂತಿದ್ದವರು ಯಾರೂ ಕೇಳದೆ ಶುರು ಮಾಡಿದರು.

“ಅವತ್ತು ಉಣ್ಣುಸ್ತಿದ್ದೆ. ಮೂರು ಸಲ ತಟ್ಟೆ ತಳ್ಳುದ್ಲು. ನಾಕ್ನೇ ಸಲ ಕೆನ್ನೆಗೆ ಹೊಡ್ದ್‌ಬುಟ್ಟೆ. ಅವ್ಳಿಗೆ ನೆಪ್ಪಿಲ್ಲ. ನಂಗೈತೆ.”

ನಾನು ಅವರ ಪಕ್ಕದಲ್ಲೇ ಇದ್ದೇನೆ ಎಂಬುದನ್ನು ಅವರು ಮರೆತಿರಲಿಲ್ಲ. ಮರೆತಿದ್ದರೆ ಅಷ್ಟು ನಿಧಾನವಾಗಿ ಹೇಳುತ್ತಿರಲಿಲ್ಲ.

ಎದುರಿಗೆ ಕೂತಿದ್ದ ಶಿರಾದ ನಸೀಮಾ, ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು, ಸೆರಗು ಸರಿಮಾಡಿಕೊಂಡರು. “ಅಣ್ಣಾ, ನಾನು ಕೈ ಎತ್ತಿಲ್ಲ. ರೂಮಲ್ಲಿ ಕೂರ್ಸಿ ಚಿಲಕ ಹಾಕ್ತೀನಿ. ನಿಮ್ದು ಒಂದ್ಸಲ. ನಂದು ದಿನಾ.”

ಸುಮಾ ಇಬ್ಬರನ್ನೂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಿಟ್ಟು ಬರುವ ಮೊದಲು ಮೈಯಲ್ಲಿ ಏನಾಗುತ್ತದೆ ಎಂದು ಕೇಳಿದರು. ಕಿವಿ ಬಿಸಿಯಾಗ್ತದೆ ಎಂದರು ಭಾವ. ಹಾಗಾದರೆ ಕಿವಿ ಬಿಸಿಯಾದ ತಕ್ಷಣ ತಟ್ಟೆ ಕೆಳಗಿಟ್ಟು ಅಂಗಳಕ್ಕೆ ಬನ್ನಿ, ಊಟ ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ ಎಂದರು ಸುಮಾ. ಚಿಲಕದ ಬಗ್ಗೆ ನಸೀಮಾ ಜೊತೆ ಆಮೇಲೆ ಬಹಳ ಹೊತ್ತು ಮಾತಾಡಿದರು. ಅಕ್ಕಪಕ್ಕದ ಮನೆಯವರಲ್ಲಿ ಯಾರು ಒಂದು ಗಂಟೆ ಕೂರಬಲ್ಲರು ಎಂದು ಹೆಸರು ಹೆಸರಾಗಿ ಕೇಳುತ್ತಿದ್ದರು.

ನನಗೆ ಅದಾವುದೂ ಕಿವಿಗೆ ಹೋಗಲಿಲ್ಲ. ನಮ್ಮಕ್ಕನ ಕೆನ್ನೆ! ವ್ಯಾನಿನಲ್ಲಿ ಮನೆ ತಲುಪಿ, ಅಕ್ಕನನ್ನು ಒಳಗೆ ಕೂರಿಸಿ, ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಗಟ್ಟಿಯಾಗಿಯೇ ಇತ್ತು.

ಭಾವ ಕಂಬಕ್ಕೆ ಒರಗಿ ನಿಂತಿದ್ದರು. “ಹೇಳುದ್ರೆ ನೀನು ಅವ್ಳನ್ನ ಕರ್ಕಂಡ್ ಹೋಗ್‌ಬುಡ್ತೀಯ ಅಂತ ಭಯ ಕಣಮ್ಮ.”

ಎರಡು ವರ್ಷದಲ್ಲಿ ಒಂದು ಸಲವಾದರೂ, ಅಕ್ಕ ನನ್ನ ಹತ್ತಿರ ನಾಲ್ಕು ದಿನ ಇರಲಿ ಎಂದು ನಾನು ಅಂದಿದ್ದೆನಾ? ಇಲ್ಲ. ನಾನು ಕನಸಲ್ಲೂ ಯೋಚಿಸದ ಕೆಲಸಕ್ಕೆ ಆ ಮನುಷ್ಯ ಹೆದರಿಕೊಂಡಿದ್ದರು.

ಆ ಶನಿವಾರ ನಾನೇ ಬರುತ್ತೇನೆ, ನೀವು ಎಲ್ಲಾದರೂ ಹೋಗಿ ಬನ್ನಿ ಎಂದೆ. ಭಾವ ಅಕ್ಕಿರಾಂಪುರದ ಕುರಿ ಸಂತೆಗೆ ಹೋದರು. ಕೊಳ್ಳುವುದಕ್ಕಲ್ಲ, ಮಾರುವುದಕ್ಕಲ್ಲ. ಸುಮ್ಮನೆ ನೋಡುವುದಕ್ಕೆ.

ಒಂಬತ್ತು ಗಂಟೆಗೆ ಅಕ್ಕ ಚೆನ್ನಾಗಿಯೇ ಇದ್ದಳು. ನನ್ನನ್ನು ಯಾವುದೋ ಮಗುವಿನ ತಾಯಿ ಎಂದುಕೊಂಡು, ಮಗು ಎಲ್ಲಿ ಎಂದು ವಿಚಾರಿಸಿದಳು. ಹತ್ತಕ್ಕೆ ಸ್ನಾನ ಮಾಡಿಸಲು ಹೋದೆ. ಬರಲಿಲ್ಲ. ರಮಿಸಿದೆ. ಬರಲಿಲ್ಲ. ನೀರು ಆರಿತು, ಮತ್ತೆ ಕಾಯಿಸಿದೆ. “ಯಾರಮ್ಮ ನೀನು, ನನ್ನ ಸೀರೆ ಯಾಕೆ ಎಳೀತೀಯ?” ಎಂದು ಕೈ ಕೊಸರಿದಳು. ನಾನು ಮಣಿಕಟ್ಟು ಬಿಗಿಯಾಗಿ ಹಿಡಿದೆ. ಇನ್ನೂ ಬಿಗಿಯಾಗಿ. ಗಾಜಿನ ಬಳೆ ಒಡೆದು ನೆಲಕ್ಕೆ ಬಿತ್ತು.

ಗಂಟೆ ನೋಡಿದೆ. ಹನ್ನೊಂದೂ ಆಗಿರಲಿಲ್ಲ. ಭಾವ ಎರಡು ವರ್ಷ ಮಾಡಿದ್ದನ್ನು ನಾನು ಎರಡು ಗಂಟೆ ಮಾಡಿರಲಿಲ್ಲ.

ಮಧ್ಯಾಹ್ನ ಭಾವ ಬಂದರು. ಮೂಲೆಗೆ ಗುಡಿಸಿಟ್ಟಿದ್ದ ಬಳೆಚೂರು ನೋಡಿದರು, ಅಕ್ಕನ ಮಣಿಕಟ್ಟು ತಿರುಗಿಸಿ ನೋಡಿದರು. ಗಾಯವಾಗಿರಲಿಲ್ಲ, ಕೆಂಪಗಾಗಿತ್ತು. ನಾನು ಬೈಗುಳಕ್ಕೆ ಕಾದೆ.

“ಸ್ನಾನ ಅನ್ಬಾರ್ದು ಕಣಮ್ಮ” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, “ಟೀಚರ್, ಮಕ್ಳು ಬರೋ ಹೊತ್ತಾಯ್ತು” ಎಂದರು. ಅಕ್ಕ ಎದ್ದು, ಅವರ ಹಿಂದೆ ಬಚ್ಚಲಿಗೆ ನಡೆದಳು.

ಮುಂದಿನ ಗುರುವಾರ ನಾನು ಪೆನ್ನು, ಪುಸ್ತಕ ಮನೆಯಲ್ಲೇ ಬಿಟ್ಟು ಹೋದೆ. ಸುಮಾ ನೋಡಿಕೊಳ್ಳುವವರ ರಿಜಿಸ್ಟರ್ ತೆರೆದು, ಹನ್ನೆರಡನೆಯವರು ಯಾರು ಎಂದು ಕೇಳಿದರು. ನನ್ನ ಹೆಸರು ಬರೆಸಿದೆ. ಕಂಪನಿ ಇದನ್ನು ಎಷ್ಟು ದಿನ ನಡೆಸುತ್ತದೋ ಗೊತ್ತಿಲ್ಲ. ಮುಂದಿನ ವರ್ಷ ಅವರ ಮನಸ್ಸು ಮತ್ತೆ ಬೆಂಚಿನ ಕಡೆ ಹೋಗಬಹುದು. ಪಂಚಾಯಿತಿಗೆ, ಆಸ್ಪತ್ರೆಗೆ, ನಮ್ಮ ನಮ್ಮ ಬೀದಿಗೆ ಇಂಥದ್ದೊಂದು ಕೋಣೆ ಮಾಡುವುದು ಅಷ್ಟು ಕಷ್ಟವೇ ಎಂದು ನಾನಂತೂ ಕೇಳುತ್ತಲೇ ಇದ್ದೇನೆ.

ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ: ಒಡಹುಟ್ಟಿದವರಿಗೆ ನೋಡಿಕೊಳ್ಳುವ ತರಬೇತಿ ಬೇಡ ಎಂದು ನಮಗೆ ಹೇಳಿಕೊಟ್ಟವರು ಯಾರು?