ಅನೂಪನ ಆಟ ಆಡಿದವಳು

ಹರ್ಷಿಣಿ ಮೂರು ವರ್ಷ ಸಾವಿರಾರು ಜನರೆದುರು ಆಡಿದಳು. ಅವಳ ಮುಖವನ್ನು ಒಬ್ಬರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಅವಳ ಅಣ್ಣ ಅನೂಪನ ಮುಖವನ್ನು. ಅಮೆರಿಕದ ಲಿಟಲ್ ಎಲ್ಮ್‌ನ ಅವರ ಮನೆಯ ಮಹಡಿಯಲ್ಲಿ ಕ್ಯಾಮೆರಾ ಅವನ ಕಡೆಗೇ ತಿರುಗಿರುತ್ತಿತ್ತು. ಅವನು ವೈರ್ ಕಿತ್ತ ವಿಡಿಯೊ ಗೇಮ್ ಕಂಟ್ರೋಲರ್ ಹಿಡಿದು, ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ, "ಬಂದ ನೋಡಿ, ಭೂಪ ಬಂದ" ಎಂದು ಹರಟುತ್ತಿದ್ದ. ನಿಜವಾಗಿ ಆಡುತ್ತಿದ್ದವಳು ಹರ್ಷಿಣಿ. ಕ್ಯಾಮೆರಾಗೆ ಕಾಣದ ಹಾಗೆ ಎರಡು ಗೇಣು ಆಚೆ, ಕೆಮ್ಮು ಬಂದರೂ ನುಂಗಿಕೊಂಡು ಕೂತಿರುತ್ತಿದ್ದಳು.

ಅನೂಪನಿಗೆ ಮಾತು ಬರುತ್ತಿತ್ತು, ಆಟ ಬರುತ್ತಿರಲಿಲ್ಲ. ಕೋಟೆಯ ಗೋಡೆಗಳನ್ನು ಹತ್ತುವ ಆಟ ಅದು, ಇರುವುದೇ ಒಂದು ಜೀವ, ಬಿದ್ದರೆ ಮತ್ತೆ ಮೊದಲಿಂದ. ಅವನು ಎರಡನೇ ಗೋಡೆಗೇ ಉದುರುತ್ತಿದ್ದ. ಹದಿನಾರರ ಹರ್ಷಿಣಿ ಕೊನೆ ಮುಟ್ಟುತ್ತಿದ್ದಳು. 2012ರಲ್ಲಿ ಇಬ್ಬರೂ ಸೇರಿ ನೆಟ್‌ನಲ್ಲಿ ಆಟ ತೋರಿಸುವ ಚಾನೆಲ್ ಶುರು ಮಾಡುತ್ತೇವೆ ಎಂದಾಗ ತಾಯಿ ಅನುಸೂಯಾ ಅಡ್ಡ ಬಂದರು.

"ಹೆಣ್ಣುಮಗು ಹೆಸರು, ಮುಖ ನೆಟ್‌ನಲ್ಲಿ ಬರೋದು ಬೇಡ. ನಾಳೆ ಗಂಡಿನ ಕಡೆಯೋರು ನೋಡಿದ್ರೆ ಏನಂತ ಹೇಳ್ಲಿ?"

ಅಲ್ಲ, ಹದಿನಾರರ ಹುಡುಗಿಗೆ ಯಾವ ಗಂಡಿನ ಕಡೆಯವರು? ಮೈಸೂರು ಬಿಟ್ಟು ಎಂಟು ವರ್ಷವಾಗಿದ್ದರೂ ಆ ಪುಣ್ಯಾತ್ಮರು ಇವರ ಜೊತೆಗೇ ವಿಮಾನ ಹತ್ತಿ ಬಂದಿದ್ದರು.

"ಸದ್ಯಕ್ಕೆ ನಾನೇ ಆಡ್ದಂಗೆ ಇರ್ಲಿ ಕಣೇ. ಆಮೇಲೆ ಎಲ್ರಿಗೂ ಹೇಳೋಣ" ಎಂದ ಅನೂಪ್.

ಆ "ಆಮೇಲೆ" ಬರಲೇ ಇಲ್ಲ. ಚಾನೆಲ್ ಬೆಳೆಯಿತು. ಆಸ್ಟಿನ್‌ನ ಆಟದ ಕಂಪನಿಯೊಂದು ಅನೂಪನನ್ನು ಸೇರಿಸಿಕೊಳ್ಳುವ ಮಾತಾಡತೊಡಗಿತು. ಹರ್ಷಿಣಿಗೆ ಅದ್ಯಾವುದೂ ಬೇಕಿರಲಿಲ್ಲ. ಆಡುವವಳು ನನ್ನ ತಂಗಿ ಹರ್ಷಿಣಿ ಎಂದು ಅಣ್ಣ ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು.

2015ರ ನವೆಂಬರಿನಲ್ಲಿ ಹ್ಯೂಸ್ಟನ್‌ನ ಕನ್ನಡಿಗರು ರಾಜ್ಯೋತ್ಸವಕ್ಕೆ ಅನೂಪನನ್ನು ಕರೆದು ಸನ್ಮಾನ ಇಟ್ಟುಕೊಂಡರು. ದಾರಿಯುದ್ದಕ್ಕೂ ಕಾರಿನಲ್ಲಿ, "ಇವತ್ತು ಸ್ಟೇಜ್ ಮೇಲೆ ನಿನ್ನ ಹೆಸರು ಹೇಳ್ತೀನಿ, ಪಕ್ಕಾ" ಎಂದ. ಅಮ್ಮನೂ ಈ ಸಲ ಅಡ್ಡ ಬರಲಿಲ್ಲ. ಹರ್ಷಿಣಿ ಕಿಟಕಿಯ ಕಡೆ ತಿರುಗಿ ಒಬ್ಬಳೇ ನಗುತ್ತಿದ್ದಳು.

ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿತ್ತು. ಶಾಲಿನ ಹರಿವಾಣ ಹಿಡಿದು ನಿಲ್ಲಲು ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಬೇಕಿತ್ತು. "ತಂಗೀನೇ ಇದಾಳಲ್ಲ, ಬಾಮ್ಮ" ಎಂದು ನಿರೂಪಣೆ ಮಾಡುತ್ತಿದ್ದ ಕುಮುದಾ ಆಂಟಿ ಅವಳ ಕೈಗೇ ಕೊಟ್ಟರು. ಅನೂಪನಿಗೆ ಶಾಲು ಹೊದಿಸಿದ ಮೇಲೆ ಮೈಕ್ ಹಿಡಿದು ಕೇಳಿದರು, "ನಿನ್ನ ಸಾಧನೆ ಹಿಂದೆ ಯಾರಿದಾರಪ್ಪ?"

ಅನೂಪ್ ತಂಗಿಯನ್ನು ನೋಡಿದ. ಮೊದಲ ಸಾಲಿನಲ್ಲಿ ಕೂತಿದ್ದ, ಸಮಾರಂಭಕ್ಕೆಂದೇ ಬಂದಿದ್ದ ಆಸ್ಟಿನ್ ಕಂಪನಿಯ ಕನ್ನಡಿಗನನ್ನೂ ನೋಡಿದ.

"ಅಪ್ಪ, ಅಮ್ಮ. ಆಮೇಲೆ ನನ್ನ ತಂಗಿ. ನಾನು ಆಡೋವಾಗ ಟೈಮ್ ಟೈಮ್‌ಗೆ ಕಾಫಿ ತಂದ್ಕೊಡ್ತಾಳೆ."

ಜನ ಚಪ್ಪಾಳೆ ತಟ್ಟಿದರು. ಹರ್ಷಿಣಿ ಖಾಲಿ ಹರಿವಾಣ ಹಿಡಿದು ನಿಂತೇ ಇದ್ದಳು. ಅಣ್ಣ ವಾಪಸು ಬರುವಾಗ, "ಕಂಪನಿಯೋರು ಎದುರಿಗೇ ಕೂತಿದ್ರು ಕಣೇ. ಕಾಂಟ್ರ್ಯಾಕ್ಟ್ ಸೈನ್ ಆಗ್ಲಿ, ಆಮೇಲೆ..." ಎಂದ.

ಮುಂದಿನ ಶನಿವಾರ ಮಧ್ಯಾಹ್ನ ಚಾನೆಲ್‌ನ ಲೈವ್‌ಗೆ ಹತ್ತು ನಿಮಿಷವಿದ್ದಾಗ ಅವಳು ನಿಜವಾದ ಕಂಟ್ರೋಲರನ್ನು ಅವನ ತೊಡೆಯ ಮೇಲಿಟ್ಟಳು.

"ಇವತ್ತು ನೀನೇ ಆಡು."

"ತಮಾಷೆ ಮಾಡ್ಬೇಡ ಹರ್ಷಿ. ನಾಲ್ಕು ಸಾವಿರ ಜನ ಕಾಯ್ತಿದಾರೆ."

"ಕಾಫಿ ಫ್ಲಾಸ್ಕಲ್ಲಿದೆ" ಎಂದು ಕಾರಿನ ಕೀ ಎತ್ತಿಕೊಂಡು ಹೊರಟಳು.

ಕೆರೆಯ ಹತ್ತಿರ ಕಾರು ನಿಲ್ಲಿಸಿದಳು. ನೋಡಬಾರದು ಅಂದುಕೊಂಡೇ ಫೋನ್ ತೆಗೆದಳು. ಅನೂಪ್ ಎರಡನೇ ಗೋಡೆಗೆ ಬಿದ್ದ, ಮತ್ತೆ ಬಿದ್ದ. ನೋಡುಗರು ಚಾಟ್‌ನಲ್ಲಿ ಮೊದಲು ನಕ್ಕರು, ಆಮೇಲೆ ಗೊಣಗಿದರು. ಅಷ್ಟರಲ್ಲಿ ಯಾರೋ ಒಬ್ಬ ಬರೆದ: "ಪ್ರತಿ ಗೋಡೆಗೂ ಮುಂಚೆ ನೀನು ಒಂದು ಕ್ಷಣ ನಿಲ್ತಿದ್ದೆ. ಅದನ್ನ ನೋಡೋಕೇ ಮೂರು ವರ್ಷದಿಂದ ಬರ್ತಿದೀನಿ. ಇವತ್ತು ಆಡ್ತಿರೋದು ನೀನಲ್ಲ."

ತಾನು ಹಾಗೆ ನಿಲ್ಲುತ್ತೇನೆಂದು ಹರ್ಷಿಣಿಗೇ ಗೊತ್ತಿರಲಿಲ್ಲ. ಹೆತ್ತ ತಾಯಿ, ಒಡಹುಟ್ಟಿದ ಅಣ್ಣ ಗಮನಿಸದ್ದನ್ನು ಎಲ್ಲಿಯವನೋ ಒಬ್ಬ ಗಮನಿಸಿದ್ದ. ಕಣ್ಣು ಮಂಜಾಗಿ ಅಕ್ಷರ ಕಾಣದಿದ್ದರೂ ಟೈಪ್ ಮಾಡಿದಳು: "ಇಷ್ಟು ದಿನ ಆಡಿದ್ದು ನಾನು. ಹರ್ಷಿಣಿ."

ಅದರ ಕೆಳಗೆ ತಕ್ಷಣ ಪುಂಡರ ಸಾಲು ಶುರುವಾಯಿತು. "ಇಲ್ಲ, ನಾನು ಹರ್ಷಿಣಿ." "ನಾನೂ ಹರ್ಷಿಣಿ." ಅನೂಪ್ ಆಟ ಬಿಟ್ಟು, ಸ್ಕ್ರೀನಿನ ಕಡೆ ಬಾಗಿ ಓದಿದ. ಹರ್ಷಿಣಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಳೋ, ಈಗಲಾದರೂ ಹೇಳೋ ಎಂದು ಬೇಡಿಕೊಂಡಳು.

"ಯಾರಪ್ಪಾ ಈ ಹರ್ಷಿಣಿ?" ಎಂದು ಅಣ್ಣ ಕ್ಯಾಮೆರಾ ನೋಡಿ ನಕ್ಕ.

ಆ ಚಾನೆಲ್‌ನಲ್ಲಿ ಅವನ ಬಾಯಿಂದ ಅವಳ ಹೆಸರು ಬಂದದ್ದು ಅದೊಂದೇ ಸಲ.